ನಡುಹಗಲಿನ ಬಿಸಿಲಿನಲ್ಲಿ ಹಳೆಯ ಮೋಟಾರಿನ ಚಿತ್ರ



ಛಾಯಾಗ್ರಹಣವನ್ನು ಕುರಿತು ಉಪದೇಶ ಮಾಡುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ನಡುಹಗಲಿನಲ್ಲಿ ಚಿತ್ರ ತೆಗೆಯಬೇಡಿ. ಬೆಳಗಿನ ಎಳೆಬಿಸಿಲನ್ನಾಗಲಿ ಸಂಜೆಯ ಹೊಂಬಿಸಿಲನ್ನಾಗಲಿ ಕಾದುಕೊಂಡಿರಿ ಎಂಬುದೇ ಆ ಮಾತು. ಇದು ಸುಳ್ಳಲ್ಲ, ಆದರೆ ಬಿಡುವುಳ್ಳವರಿಗೆ ಹೇಳಿದ ಮಾತು. ನಮ್ಮ ಬದುಕಿನ ಮುಖ್ಯವಾದ ಸಂಗತಿಗಳು ಬೆಳಕಿನ ಅನುಕೂಲವನ್ನು ನೋಡಿಕೊಂಡು ನಡೆಯುವುದಿಲ್ಲ. ಹಳೆಯ ಮೋಟಾರುಗಳ ಮೆರವಣಿಗೆ ಊರಿಗೆ ಬರುವ ವೇಳೆಗೆ ಸೂರ್ಯ ನೆತ್ತಿಗೇರಿರುತ್ತಾನೆ. ಮಾರಾಟವಾದ ಗಾಡಿಯನ್ನು ಒಯ್ಯಲು ಬಂದವರು ಸಂಜೆಯ ಸೊಬಗಿಗಾಗಿ ನಿಲ್ಲುವುದಿಲ್ಲ. ಇಂಥ ಹೊತ್ತಿನಲ್ಲಿ ಕ್ಯಾಮರಾವನ್ನು ಚೀಲದೊಳಗೆ ಹಾಕಿಕೊಂಡು ಹಿಂತಿರುಗುವುದು ಸರಿಯೆ, ಅಥವಾ ಆ ಬಿಸಿಲಿನಲ್ಲಿಯೇ ಒಳ್ಳೆಯ ಚಿತ್ರವನ್ನು ತೆಗೆಯುವ ಮಾರ್ಗವುಂಟೆ ಎಂಬುದು ನಮ್ಮ ಇಂದಿನ ಪ್ರಶ್ನೆ. ಮಾರ್ಗವುಂಟೆಂಬುದೂ, ಕೆಲವು ಕೆಲಸಗಳಿಗೆ ನಡುಹಗಲೇ ತಕ್ಕ ಹೊತ್ತೆಂಬುದೂ ನಮ್ಮ ಅಭಿಪ್ರಾಯ.

ಮೊದಲು ಹಳೆಯ ಮೋಟಾರು ಎಂದರೆ ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ೨೦೨೧ರಲ್ಲಿ ಭಾರತ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಮೇರೆಗೆ, ಮೊದಲ ನೋಂದಣಿಯಾಗಿ ೫೦ ವರ್ಷ ಕಳೆದಿದ್ದು, ಮೂಲರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುವ ಗಾಡಿಗಳು ‘ವಿಂಟೇಜ್’ ಎಂಬ ಹೆಸರಿಗೆ ಅರ್ಹವಾಗುತ್ತವೆ. ಅವುಗಳ ಫಲಕದಲ್ಲಿ ‘ವಿಎ’ ಎಂಬ ವಿಶೇಷ ಅಕ್ಷರಗಳಿರುತ್ತವೆ. ದಿನನಿತ್ಯದ ಸಂಚಾರಕ್ಕಾಗಲಿ ಬಾಡಿಗೆಗಾಗಲಿ ಅವುಗಳನ್ನು ಬಳಸಕೂಡದು. ಅರಸರ ಮನೆಯ ರೋಲ್ಸ್‌ರಾಯ್ಸ್ ಮಾತ್ರವೇ ಈ ಗೌರವಕ್ಕೆ ಪಾತ್ರವೆಂದು ಭಾವಿಸಬೇಕಾಗಿಲ್ಲ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಗಾಡಿಯ ಮೊದಮೊದಲ ಮಾದರಿಗಳೂ ಈಗ ಈ ವಯಸ್ಸಿಗೆ ಬಂದಿವೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ ಹುಟ್ಟಿದ ಈ ಗಾಡಿಯಲ್ಲಿ ಒಮ್ಮೆಯೂ ಕುಳಿತಿರದ ಹಿರಿಯರು ನಮ್ಮ ನಾಡಿನಲ್ಲಿ ವಿರಳ. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯದಲ್ಲಿಯೂ ಹಳೆಯ ಗಾಡಿಗಳನ್ನು ಜೋಪಾನವಾಗಿ ಕಾಪಾಡಿರುವುದನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಆದರೆ ಸಂಗ್ರಹಾಲಯವನ್ನು ಸೇರುವ ಗಾಡಿಗಳು ಕೆಲವೇ ಕೆಲವು. ಉಳಿದವು ಕೈಯಿಂದ ಕೈಗೆ ಹೋಗುತ್ತವೆ, ಬಣ್ಣ ಬದಲಾಯಿಸುತ್ತವೆ, ಕಡೆಗೆ ಗುಜರಿಯ ಅಂಗಡಿಯಲ್ಲಿ ಕಾಣೆಯಾಗುತ್ತವೆ. ಅಂಥವುಗಳ ಪಾಲಿಗೆ ಉಳಿಯುವುದೊಂದು ಚಿತ್ರ ಮಾತ್ರ.

ಆ ಚಿತ್ರವಾದರೂ ನಂಬತಕ್ಕದ್ದಾಗಿರಬೇಕು. ಪೂರ್ವಕಾಲದ ಚಿತ್ರಗಳನ್ನು ನೋಡಿದರೆ ಈ ಮಾತಿನ ಅಗತ್ಯ ತಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಯಲ್ಲಿದ್ದ ಗಾಜಿನ ತಟ್ಟೆಗಳೂ ಫಿಲ್ಮುಗಳೂ ಬಹುಮಟ್ಟಿಗೆ ನೀಲಿಗೂ ಹಸಿರಿಗೂ ಸ್ಪಂದಿಸುತ್ತಿದ್ದುವೇ ಹೊರತು ಕೆಂಪು ಬಣ್ಣಕ್ಕೆ ಕುರುಡಾಗಿದ್ದುವು. ಆದುದರಿಂದ ಕೆಂಪು ಗಾಡಿ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತಿತ್ತು. ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಗಾಡಿಗಳು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿದ್ದುದು ನಿಜ. ಆದರೆ ಆ ಕಾಲದ ಇತರ ಗಾಡಿಗಳೂ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವುದಕ್ಕೆ ಫಿಲ್ಮಿನ ಈ ಕುರುಡುತನವೂ ಒಂದು ಕಾರಣ. ಅಂಥ ಚಿತ್ರವನ್ನು ಮುಂದಿಟ್ಟುಕೊಂಡು ಹಳೆಯ ಗಾಡಿಗೆ ಮತ್ತೆ ಬಣ್ಣ ಹಚ್ಚಿಸಲು ಹೊರಟವರ ಕಷ್ಟವನ್ನು ಊಹಿಸಬಹುದು.

ಇನ್ನು ಬಿಸಿಲಿನ ವಿಚಾರ. ನಡುಹಗಲು ಎಂಬುದು ವರ್ಷವೆಲ್ಲ ಒಂದೇ ತೆರನಾಗಿರುವುದಿಲ್ಲ. ಕೊಡಗಿನ ಪೂರ್ವದ ಅಂಚಿನಲ್ಲಿರುವ ಹಾರಂಗಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಶಾಲನಗರದಿಂದ ಸುಮಾರು ೯ ಕಿಲೋಮೀಟರು ದೂರದ ಹುದುಗೂರಿನ ಬಳಿ, ಕಾವೇರಿಯ ಉಪನದಿಯಾದ ಹಾರಂಗಿಗೆ ಅಡ್ಡಲಾಗಿ ಕಟ್ಟಿರುವ ಜಲಾಶಯ ೧೯೮೨ರಲ್ಲಿ ಮುಗಿಯಿತು. ಅದರ ತುಂಬುಮಟ್ಟ ಸಮುದ್ರದ ಮೇಲೆ ೨,೮೫೯ ಅಡಿ. ಈ ಸ್ಥಳ ಸಮಭಾಜಕದಿಂದ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರಕ್ಕಿದೆ. ಹೀಗಾಗಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ೨೩ರ ಸುಮಾರಿಗೊಮ್ಮೆ ಮತ್ತು ಆಗಸ್ಟ್ ೨೦ರ ಸುಮಾರಿಗೊಮ್ಮೆ, ಸೂರ್ಯನು ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಹಾಯುತ್ತಾನೆ. ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗಿಹೋಗುತ್ತದೆ. ಇದು ನಡೆಯುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರಗಳು ಪೂರ್ವದಲ್ಲಿ ದೂರದಲ್ಲಿರುವ ರೇಖೆಯೊಂದನ್ನು ಅನುಸರಿಸುತ್ತವೆಯಾದ ಕಾರಣ, ಕೊಡಗಿನಲ್ಲಿ ಏಪ್ರಿಲ್ ತಿಂಗಳ ನಿಜವಾದ ನಡುಹಗಲು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಹೊತ್ತಿಗೆ. ಡಿಸೆಂಬರ್ ಕೊನೆಯಲ್ಲಾದರೋ ಅದೇ ನಡುಹಗಲಿನ ಸೂರ್ಯ ನೆತ್ತಿಯಿಂದ ೩೬ ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಗಾಡಿಯ ಪಕ್ಕವನ್ನು ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿದರೆ ಬಾಗಿಲುಗಳ ಮೇಲೆ ಬೆಳಕು ಬೇಕಾದಷ್ಟು ಬೀಳುತ್ತದೆ. ಆದುದರಿಂದ ‘ನಡುಹಗಲು ಬೇಡ’ ಎಂಬ ಸೂತ್ರ ಏಪ್ರಿಲ್ ತಿಂಗಳಿಗೆ ಸಲ್ಲುವಷ್ಟು ಡಿಸೆಂಬರ್ ತಿಂಗಳಿಗೆ ಸಲ್ಲದು.

ಮುಂದಿನ ಸಂಗತಿ ಎಲ್ಲಕ್ಕಿಂತ ಮುಖ್ಯವಾದದ್ದು. ಮೋಟಾರಿನ ಮೈ ಒಂದು ಕನ್ನಡಿ. ಮರದ ಮೇಜನ್ನೋ ಕಲ್ಲಿನ ವಿಗ್ರಹವನ್ನೋ ಚಿತ್ರಿಸುವಾಗ ನಾವು ಆ ವಸ್ತುವಿನ ಮೇಲೆ ಬಿದ್ದ ಬೆಳಕನ್ನು ಚಿತ್ರಿಸುತ್ತೇವೆ. ಹೊಳೆಯುವ ಮೋಟಾರನ್ನು ಚಿತ್ರಿಸುವಾಗಲಾದರೋ, ಬಹುಪಾಲು ಆ ಗಾಡಿ ತನ್ನೆದುರಿಗೆ ಏನನ್ನು ಕಾಣುತ್ತಿದೆಯೋ ಅದನ್ನೇ ಚಿತ್ರಿಸುತ್ತೇವೆ. ಮಾಡು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಇವು ಆಕಾಶವನ್ನು ನೋಡುತ್ತವೆ. ಆದಕಾರಣ ಬಿಸಿಲಿನಲ್ಲಿ ಬೆಳ್ಳಗೆ ಉರಿಯುತ್ತವೆ. ಬಾಗಿಲುಗಳು ಎದುರಿನ ಮರ, ಗೋಡೆ, ನೆಲ ಇವುಗಳನ್ನು ನೋಡುತ್ತವೆ. ಎದುರಿಗೆ ಕಾಡಿದ್ದರೆ ಬಾಗಿಲಿನಲ್ಲಿ ಕಾಡಿನ ಕಪ್ಪು ಪಟ್ಟೆ ಹರಿದಿರುತ್ತದೆ. ಉಬ್ಬಿದ ಮಡ್ಗಾರ್ಡು ಊರನ್ನೆಲ್ಲ ತನ್ನೊಳಗೆ ಕುಗ್ಗಿಸಿಕೊಂಡು, ಸೂರ್ಯನನ್ನು ಒಂದು ಚುಕ್ಕೆಯಾಗಿ ತೋರಿಸುತ್ತದೆ. ಚಿತ್ರ ತೆಗೆಯುವವರು ಬಿಳಿಯ ಅಂಗಿ ತೊಟ್ಟಿದ್ದರೆ ಅದೂ ಬಾಗಿಲಿನ ನಡುವೆ ನಿಂತಿರುತ್ತದೆ. ೧೯೨೦ರ ದಶಕದಲ್ಲಿ ಬೇಗನೆ ಒಣಗುವ ಸೆಲ್ಯುಲೋಸ್ ಬಣ್ಣಗಳು ಬಂದ ಮೇಲೆ, ಅದೇ ದಶಕದ ಕೊನೆಯಲ್ಲಿ ನಿಕ್ಕಲಿನ ಸ್ಥಾನಕ್ಕೆ ಕ್ರೋಮಿಯಂ ಲೇಪ ಬಂದ ಮೇಲೆ, ಗಾಡಿಗಳ ಈ ಕನ್ನಡಿಯ ಗುಣ ಇನ್ನೂ ಹೆಚ್ಚಿತು.

ಇದನ್ನು ತಿಳಿದವರು ಗಾಡಿಯನ್ನು ನೋಡುವುದಕ್ಕೆ ಮುಂಚೆ ಗಾಡಿಯ ಎದುರಿಗಿರುವುದನ್ನು ನೋಡುತ್ತಾರೆ. ಹೊಸ ಮಸೂರಕ್ಕೆ ಸಾವಿರಾರು ರೂಪಾಯಿ ತೆರುವುದಕ್ಕಿಂತ ಗಾಡಿಯನ್ನು ನಾಲ್ಕು ಮಾರು ಮುಂದಕ್ಕೆ ನೂಕಿಸುವುದರಿಂದ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಯಾವ ಬಿಂಬ ಎಲ್ಲಿಂದ ಬರುತ್ತಿದೆಯೆಂಬುದನ್ನು ಕಂಡುಹಿಡಿಯುವುದೂ ಕಷ್ಟವಲ್ಲ. ಕ್ಯಾಮರಾ ಇರುವ ಸ್ಥಳದಲ್ಲಿ ಕಣ್ಣಿಟ್ಟು ನೋಡುತ್ತ, ಜೊತೆಗಾರರೊಬ್ಬರಿಗೆ ಬಿಳಿಯ ಕರವಸ್ತ್ರವನ್ನು ಹಿಡಿದು ಎದುರಿನ ಬಯಲಿನಲ್ಲಿ ನಡೆಯುವಂತೆ ಹೇಳಿದರೆ, ಆ ಬಿಳುಪು ಗಾಡಿಯ ಮೈಮೇಲೆ ಎಲ್ಲಿ ಕಾಣುತ್ತದೆಂಬುದು ಕೂಡಲೇ ತಿಳಿಯುತ್ತದೆ. ಬಿದ್ದ ಕೋನದಲ್ಲಿಯೇ ಬೆಳಕು ಹಿಂತಿರುಗುತ್ತದೆಂಬ ಶಾಲೆಯ ಪಾಠದ ಉಪಯೋಗವಿದು.

ಹೀಗೆ ಹೇಳಿದ್ದನ್ನು ನಾವು ಪರೀಕ್ಷಿಸಿ ನೋಡಬೇಕಾಗಿ ಬಂದ ಒಂದು ಪ್ರಸಂಗ ಹಾರಂಗಿಯಲ್ಲಿಯೇ ನಡೆಯಿತು. ಕುಶಾಲನಗರದ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ೧೯೬೪ನೆಯ ಇಸವಿಯ ಒಂದು ಅಂಬಾಸಿಡರ್ ಗಾಡಿ ಇತ್ತು. ಗಾಡಿಯ ಯಜಮಾನರಾದ ಅವರ ತಂದೆಯವರಿಗೆ ಎಂಬತ್ತು ದಾಟಿತ್ತು. ಸ್ಟಿಯರಿಂಗ್ ಹಿಡಿಯುವುದನ್ನು ಬಿಟ್ಟು ಐದಾರು ವರ್ಷಗಳಾಗಿದ್ದುವು. ಗಾಡಿಯನ್ನು ದೂರದ ಊರಿನ ಸಂಗ್ರಾಹಕರೊಬ್ಬರಿಗೆ ಕೊಡುವುದೆಂದು ನಿಶ್ಚಯವಾಗಿ, ಏಪ್ರಿಲ್ ಕೊನೆಯ ವಾರದ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಅದನ್ನು ಹೇರಿಕೊಂಡು ಹೋಗಲು ಲಾರಿ ಬರುವುದಿತ್ತು. ಅದಕ್ಕೆ ಮುಂಚೆ ಕಡೆಯ ಬಾರಿಗೆ ಹಾರಂಗಿಯವರೆಗೆ ಹೋಗಿಬಂದು ಒಂದು ಚಿತ್ರ ತೆಗೆಸಿಕೊಳ್ಳಬೇಕೆಂಬುದು ಹಿರಿಯರ ಅಪೇಕ್ಷೆ. ಮಗನಿಗೆ ಬಿಡುವು ದೊರೆತದ್ದು ಹನ್ನೊಂದರ ಮೇಲೆ. ಸಂಜೆಯವರೆಗೆ ಲಾರಿಯನ್ನು ನಿಲ್ಲಿಸಿಕೊಂಡರೂ ಪ್ರಯೋಜನವಿರಲಿಲ್ಲ. ಆ ತಿಂಗಳಿನಲ್ಲಿ ಕೊಡಗಿನ ಸಂಜೆಗಳು ಎಷ್ಟೋ ಬಾರಿ ಗುಡುಗು ಮಳೆಗೆ ಮೀಸಲು. ಹೀಗೆ ವರ್ಷದ ಅತ್ಯಂತ ಕಡಿದಾದ ಬಿಸಿಲು ನಮ್ಮ ಪಾಲಿಗೆ ಬಂದಿತು.

ಮಿತ್ರರು ಮೊದಲು ಗಾಡಿಯನ್ನು ನಿಲ್ಲಿಸಿದ್ದು ದಾರಿಯ ಬದಿಯ ಸಿಲ್ವರ್ ಓಕ್ ಮರಗಳ ಕೆಳಗೆ. ಬಿಸಿಲಿನಲ್ಲಿ ನಿಂತವರು ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಎಲೆಗಳ ಸಂದಿನಿಂದ ಸೋರಿದ ಬಿಸಿಲು ಗಾಡಿಯ ಮೈಮೇಲೆಲ್ಲ ಬಿಳಿಯ ಬಿಲ್ಲೆಗಳನ್ನು ಚೆಲ್ಲಿತ್ತು. ಈ ಬಿಲ್ಲೆಗಳು ಗುಂಡಗಿರುವುದಕ್ಕೆ ಎಲೆಯ ಸಂದು ಗುಂಡಗಿರುವುದು ಕಾರಣವಲ್ಲ. ಸಣ್ಣ ರಂಧ್ರದ ಮೂಲಕ ಮೂಡಿದ ಸೂರ್ಯಬಿಂಬಗಳೇ ಅವು. ೨೦೧೯ನೆಯ ಡಿಸೆಂಬರ್ ೨೬ರಂದು ಕೊಡಗಿನಲ್ಲಿ ಕಂಕಣ ಸೂರ್ಯಗ್ರಹಣವಾದಾಗ ಮರದಡಿಯ ಬಿಲ್ಲೆಗಳೆಲ್ಲ ಬಳೆಗಳಾದುದಕ್ಕೆ ಇದೇ ಕಾರಣ. ನೋಡಲು ಇದು ರಮಣೀಯವೇ ಸರಿ. ಆದರೆ ಗಾಡಿಯ ಚಿತ್ರಕ್ಕೆ ಇದಕ್ಕಿಂತ ಕೇಡಿಲ್ಲ. ಮೈಯ ರೇಖೆ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದೆ ಹೋಗುತ್ತದೆ. ನೆರಳು ಬೇಕಾದರೆ ಗೋಡೆಯದೋ ದಟ್ಟವಾದ ಆಲದ ಮರದ್ದೋ ಆಗಿರುವ ಇಡಿಯ ನೆರಳು ಬೇಕು. ಅದು ದೊರೆಯದಿದ್ದರೆ ಬಯಲೇ ಮೇಲು.

ನಾವು ಬಯಲನ್ನೇ ಆರಿಸಿಕೊಂಡೆವು. ಆರಿಸುವಾಗ ನೋಡಿದ್ದು ನೆಲವನ್ನು. ಸೂರ್ಯ ನೆತ್ತಿಯ ಮೇಲಿರುವಾಗ ಬಾಗಿಲುಗಳಿಗೆ ಬೆಳಕು ಬರುವುದು ಮೇಲಿನಿಂದಲ್ಲ, ಕೆಳಗಿನಿಂದ. ಕೊಡಗಿನ ಕೆಂಪು ಮಣ್ಣಿನ ಮೇಲೆ ನಿಲ್ಲಿಸಿದರೆ ಬಾಗಿಲಿನ ಕೆಳಭಾಗ ಕೆಂಪೇರುತ್ತದೆ. ಹಸಿರು ಹುಲ್ಲಿನ ಮೇಲೆ ನಿಲ್ಲಿಸಿದರೆ ಹಸಿರಾಗುತ್ತದೆ. ಹೊಸ ಡಾಂಬರಿನ ಮೇಲೆ ನಿಲ್ಲಿಸಿದರೆ ಕಪ್ಪಿಡುತ್ತದೆ. ಬೇಸಗೆಯಲ್ಲಿ ಒಣಗಿ ಬಿಳಿಚಿದ ಹುಲ್ಲಾಗಲಿ, ಕಾಂಕ್ರೀಟಿನ ನೆಲವಾಗಲಿ, ಮಾಸಲು ಜಲ್ಲಿಯಾಗಲಿ ದೊರೆತರೆ ಅದೇ ನಮ್ಮ ಎರಡನೆಯ ಸೂರ್ಯ. ನಮಗೆ ದೊರೆತದ್ದು ಜಲ್ಲಿ ಹರಡಿದ ಒಂದು ತುಂಡು ಬಯಲು. ಹಿಂದೆ ದೂರದಲ್ಲಿ ನೀರು, ಅದರಾಚೆ ನೀಲಿಯ ಗುಡ್ಡ. ಅದು ಸಾಲದಿದ್ದುದರಿಂದ ಮಿತ್ರರ ಮನೆಯಿಂದ ತಂದಿದ್ದ ಎರಡು ಬಿಳಿಯ ಪಂಚೆಗಳನ್ನು ಚಿತ್ರದ ಅಂಚಿನ ಹೊರಗೆ ನೆಲದ ಮೇಲೆ ಹಾಸಿದೆವು. ಬಾಗಿಲುಗಳು ಕೂಡಲೇ ತಿಳಿಯಾದುವು. ಕ್ಯಾಮರಾವನ್ನು ಹೆಡ್‌ಲೈಟಿನ ಮಟ್ಟಕ್ಕೆ ಇಳಿಸಿದೆವು. ಹಾಗೆ ಮಾಡಿದರೆ ಉರಿಯುವ ಮಾಡು ಬಹಳಮಟ್ಟಿಗೆ ಮರೆಯಾಗುತ್ತದೆ. ಹತ್ತು ಹದಿನೈದು ಹೆಜ್ಜೆ ಹಿಂದಕ್ಕೆ ಸರಿದು, ದೂರವನ್ನು ಹತ್ತಿರ ತರುವ ಮಸೂರವನ್ನು ಉಪಯೋಗಿಸಿದೆವು. ಮೊಬೈಲ್ ಫೋನನ್ನು ಹಿಡಿದು ಹತ್ತಿರ ಹೋಗಿ ತೆಗೆದ ಚಿತ್ರಗಳಲ್ಲಿ ಗಾಡಿಯ ಮೂಗು ಕುಂಬಳಕಾಯಿಯಂತೆ ಉಬ್ಬಿರುವುದು ಹತ್ತಿರಕ್ಕೆ ಹೋದುದರ ಫಲ, ಗಾಡಿಯ ದೋಷವಲ್ಲ.

ಈಗ ಪ್ರಕಾಶದ ಅಳತೆ. ನಿರ್ಮಲವಾದ ಬಿಸಿಲಿನಲ್ಲಿ ಮಾಪಕವಿಲ್ಲದೆಯೂ ನಂಬಬಹುದಾದ ಹಳೆಯ ಲೆಕ್ಕವೊಂದಿದೆ. ಮಸೂರದ ರಂಧ್ರವನ್ನು ೧೬ಕ್ಕೆ ಇಟ್ಟು, ಫಿಲ್ಮಿನ ಅಥವಾ ಕ್ಯಾಮರಾದ ಸಂವೇದನೆಯ ಅಂಕ ೧೦೦ ಆಗಿದ್ದರೆ ಸೆಕೆಂಡಿನ ನೂರರಲ್ಲೊಂದು ಭಾಗದ ಕಾಲ, ೨೦೦ ಆಗಿದ್ದರೆ ಇನ್ನೂರರಲ್ಲೊಂದು ಭಾಗದ ಕಾಲ ತೆರೆಯುವುದು. ಬಿಸಿಲಿನ ಪಕ್ಕದ ತೆರೆದ ನೆರಳಿನಲ್ಲಿ ಬೆಳಕು ಇದರ ಎಂಟರಲ್ಲೊಂದು ಪಾಲು ಮಾತ್ರ. ಅದರ ಮೇಲೆ, ಬಿಳಿಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಕೊಟ್ಟರೆ, ಕಪ್ಪು ಟೈರು ನೂರರಲ್ಲಿ ನಾಲ್ಕೈದು ಪಾಲನ್ನು ಕೊಟ್ಟರೆ ಹೆಚ್ಚು. ಬಿಸಿಲಿನಲ್ಲಿರುವ ಬಾನೆಟ್ಟಿಗೂ ಮಡ್ಗಾರ್ಡಿನೊಳಗಿನ ಟೈರಿಗೂ ನಡುವಣ ಅಂತರ ನೂರು ಪಟ್ಟನ್ನು ಮೀರುವುದು ಹೀಗೆ. ಅಚ್ಚಿನ ಕಾಗದಕ್ಕೆ ಇಷ್ಟನ್ನು ತಾಳುವ ಶಕ್ತಿಯಿಲ್ಲ. ಆದುದರಿಂದ ಯಾವುದನ್ನು ಕಾಪಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು. ಬಂಪರಿನ ಮೇಲೆ ಮಿನುಗುವ ಸೂರ್ಯನ ಚುಕ್ಕೆ ಬೆಳ್ಳಗೆ ಸುಟ್ಟುಹೋದರೆ ನಷ್ಟವಿಲ್ಲ. ಅದು ಸೂರ್ಯನೇ ಅಲ್ಲವೆ? ಬಾನೆಟ್ಟಿನ ಬಣ್ಣ ಸುಟ್ಟುಹೋದರೆ ಅದನ್ನು ಮತ್ತೆ ಪಡೆಯಲು ಸಾಧ್ಯವಿಲ್ಲ. ಆದಕಾರಣ ಬಣ್ಣ ಉಳಿಯುವಷ್ಟಕ್ಕೆ ಬೆಳಕನ್ನು ಮಿತಗೊಳಿಸಿ, ನೆರಳಿಗೆ ಪಂಚೆಯಿಂದಲೋ ಫ್ಲಾಷಿನಿಂದಲೋ ಸಹಾಯಮಾಡಬೇಕು. ಕ್ಯಾಮರಾದ ಮಾಪಕ ಎಲ್ಲವನ್ನೂ ನಡುಬೂದಿಯೆಂದು ಭಾವಿಸುತ್ತದೆ. ಬಿಳಿಯ ಗಾಡಿಯನ್ನು ಮಂಕುಮಾಡುತ್ತದೆ, ಕರಿಯ ಗಾಡಿಯನ್ನು ಮಾಸಲುಮಾಡುತ್ತದೆ. ಅದರ ಮಾತಿಗಿಂತ ಹಳೆಯ ಲೆಕ್ಕವೇ ಇಲ್ಲಿ ಹೆಚ್ಚು ವಿಶ್ವಾಸಾರ್ಹ. ಈಗಿನ ಫೋನುಗಳು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ನೆರಳನ್ನೆಲ್ಲ ತಾವೇ ತುಂಬಿಬಿಡುತ್ತವೆ. ಅದು ಮಿತಿಮೀರಿದರೆ ಗಾಡಿ ನೆಲದ ಮೇಲೆ ನಿಂತಂತೆ ಕಾಣದೆ ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ. ಗಾಡಿಯ ಕೆಳಗಿನ ನೆರಳು ಗಾಡಿಯ ಭಾರವನ್ನು ತಿಳಿಸುತ್ತದೆ. ಅದು ಕಪ್ಪಾಗಿಯೇ ಇರಲಿ.

ಪೋಲರೈಜರ್ ಎಂಬ ತಿರುಗುವ ಫಿಲ್ಟರ್ ಒಂದನ್ನು ಬಿಸಿಲಿನ ಚಿತ್ರಕಾರರು ಬಹುವಾಗಿ ನೆಚ್ಚುತ್ತಾರೆ. ಗಾಜಿನ ಮೇಲಿನ ಹೊಳಪನ್ನು, ಗಾಜಿನ ಮೈಗೆ ಸುಮಾರು ೩೪ ಡಿಗ್ರಿ ಕೋನದಲ್ಲಿ ನೋಡಿದಾಗ, ಅದು ಬಹುಮಟ್ಟಿಗೆ ಅಳಿಸಿಬಿಡುತ್ತದೆ. ಬಣ್ಣದ ಮೇಲಿನ ಹೊಳಪನ್ನೂ ತಗ್ಗಿಸುತ್ತದೆ. ಆದರೆ ಕ್ರೋಮಿಯಂ ಲೋಹವಾದುದರಿಂದ ಅದರ ಮೇಲಿನ ಹೊಳಪಿಗೆ ಈ ಫಿಲ್ಟರ್ ಏನನ್ನೂ ಮಾಡಲಾರದು. ಇನ್ನೊಂದು ಎಚ್ಚರಿಕೆ: ಹದಗೊಳಿಸಿದ ಗಾಜುಗಳಲ್ಲಿ ಕೆಲವು ವೇಳೆ ಈ ಫಿಲ್ಟರ್ ಕಾಮನಬಿಲ್ಲಿನಂಥ ಕಲೆಗಳನ್ನು ತೋರಿಸುತ್ತದೆ. ಹೊಳಪನ್ನೆಲ್ಲ ಅಳಿಸಿಬಿಟ್ಟರೆ ಗಾಡಿಯ ಉಬ್ಬುತಗ್ಗುಗಳೂ ಅಳಿದುಹೋಗುತ್ತವೆ. ಕನ್ನಡಿಯಲ್ಲಿ ಬಿಂಬವೇ ಇಲ್ಲದಿದ್ದರೆ ಅದರ ಆಕಾರ ತಿಳಿಯುವುದು ಹೇಗೆ? ಫಿಲ್ಟರನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ ನಿಲ್ಲಿಸುವುದು ಲೇಸು.

ಇಷ್ಟೆಲ್ಲ ಸಿದ್ಧವಾದ ಮೇಲೆ ಒಂದು ಚರ್ಚೆ ಹುಟ್ಟಿತು. ಗಾಡಿಯ ಎಡಗಡೆಯ ಮುಂದಿನ ಬಾಗಿಲಿನಲ್ಲಿ ಒಂದು ಅಂಗೈಯಗಲದ ತಗ್ಗು ಇತ್ತು. ಸಾಧಾರಣ ಬೆಳಕಿನಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದಲ್ಲ. ಆದರೆ ನೆತ್ತಿಯ ಸೂರ್ಯನ ಕಿರಣಗಳು ನೆಟ್ಟನೆಯ ಬಾಗಿಲಿನ ಮೇಲೆ ಸವರಿಕೊಂಡು ಇಳಿಯುತ್ತವೆ. ಗೋಡೆಗೆ ಒತ್ತಿ ಹಿಡಿದ ದೀಪ ಗೋಡೆಯ ಒರಟನ್ನೆಲ್ಲ ತೋರಿಸುವಂತೆ, ಆ ಬಿಸಿಲು ಬಾಗಿಲಿನ ತಗ್ಗನ್ನೂ ಹಳೆಯ ಟಿಂಕರಿಂಗ್ ಕೆಲಸವನ್ನೂ ಪುಟ್ಟಿಯ ಅಲೆಗಳನ್ನೂ ಎತ್ತಿ ತೋರಿಸಿತು. ಮಿತ್ರರು, “ಅಪ್ಪಾ, ಈ ಕಡೆ ಬೇಡ. ಆಚೆ ಕಡೆಯಿಂದ ತೆಗೆಸೋಣ, ಬಾಗಿಲು ನುಣ್ಣಗಿದೆ” ಎಂದರು. ಹಿರಿಯರು ತಗ್ಗಿನ ಮೇಲೆ ಬೆರಳಾಡಿಸುತ್ತ, “ನಿನ್ನ ಅಮ್ಮ ಗಾಡಿ ಕಲಿತ ದಿನ ಗೇಟಿನ ಕಂಬಕ್ಕೆ ತಾಗಿದ್ದು ಇದು. ತೆಗೆದುಕೊಂಡು ಹೋಗುವವರು ಹೇಗೂ ಸರಿಮಾಡಿಸುತ್ತಾರೆ. ಚಿತ್ರದಲ್ಲಾದರೂ ಇರಲಿ ಬಿಡು” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ಮೇಷ್ಟ್ರೇ, ಬಣ್ಣವೂ ಇದ್ದ ಹಾಗೆಯೇ ಬರುತ್ತದೆಯೆ?” ಎಂದು ಕೇಳಿದರು.

ಆ ಪ್ರಶ್ನೆಗೆ ಹೌದೆಂದು ಧೈರ್ಯವಾಗಿ ಉತ್ತರ ಕೊಡಲು ಸಾಧ್ಯವಾದದ್ದು ನಡುಹಗಲಾದುದರಿಂದಲೇ. ಗಾಡಿಯದು ಬಾಳೆಯ ಸುಳಿಯ ಹಸಿರಿಗೂ ಬೂದಿಗೂ ನಡುವಣ ಒಂದು ತೆಳುವಾದ ಬಣ್ಣ. ಸಂಜೆಯ ಸೂರ್ಯನ ಬೆಳಕು ದಪ್ಪನಾದ ವಾಯುಮಂಡಲವನ್ನು ಹಾದುಬರುವಾಗ ತನ್ನ ನೀಲಿಯ ಅಂಶವನ್ನು ದಾರಿಯಲ್ಲಿ ಚೆಲ್ಲಿ ಬರುತ್ತದೆ. ಆ ಹೊಂಬಣ್ಣದಲ್ಲಿ ಬಿಳಿಯ ಗಾಡಿ ಬೆಣ್ಣೆಯಂತೆಯೂ, ಬೂದಿಯ ಹಸಿರು ಹಣ್ಣೆಲೆಯಂತೆಯೂ ಕಾಣುತ್ತದೆ. ದಟ್ಟವಾದ ನೆರಳಿನಲ್ಲಿ ಬೆಳಕು ನೀಲಿಯ ಆಕಾಶದಿಂದ ಬರುವುದರಿಂದ ಎಲ್ಲವೂ ನೀಲಿಗೆ ವಾಲುತ್ತದೆ. ಬಣ್ಣಗಳನ್ನು ಹೆಚ್ಚು ಕಡಮೆಯಿಲ್ಲದೆ ಕಾಣಿಸುವುದು ನಡುಹಗಲಿನ ಬಿಳಿಯ ಬೆಳಕು. ಬಣ್ಣದ ಫಿಲ್ಮುಗಳನ್ನು ತಯಾರಿಸಿದವರು ಸುಮಾರು ೫,೫೦೦ ಡಿಗ್ರಿ ಕೆಲ್ವಿನ್ನಿನ ಹಗಲು ಬೆಳಕನ್ನು ಪ್ರಮಾಣವಾಗಿ ಇಟ್ಟುಕೊಂಡದ್ದು ಇದಕ್ಕಾಗಿಯೇ. ಅಂದದ ಚಿತ್ರಕ್ಕೆ ಸಂಜೆ, ದಾಖಲೆಯ ಚಿತ್ರಕ್ಕೆ ನಡುಹಗಲು ಎಂದು ಹೇಳಬಹುದು. ಬೂದಿಬಣ್ಣದ ಒಂದು ರಟ್ಟನ್ನು ಬಾನೆಟ್ಟಿನ ಮೇಲಿಟ್ಟು ಒಂದು ಚಿತ್ರವನ್ನು ಬೇರೆಯಾಗಿ ತೆಗೆದುಕೊಂಡೆವು. ಮುಂದೆ ಅಚ್ಚು ಹಾಕಿಸುವಾಗ ಆ ರಟ್ಟು ಬೂದಿಯಾಗಿಯೇ ಕಾಣುವಂತೆ ಸರಿಪಡಿಸಿದರೆ ಗಾಡಿಯ ಬಣ್ಣವೂ ತಾನಾಗಿಯೇ ಸರಿಯಾಗುತ್ತದೆ. ಅನಂತರ ಗಾಡಿಯ ನಾಲ್ಕು ಪಕ್ಕ, ಹಲಗೆಯಂಥ ಡ್ಯಾಶ್‌ಬೋರ್ಡು, ಸವೆದ ಪೆಡಲುಗಳು, ಚಾಸಿಯ ಅಂಕ, ಬಾಗಿಲಿನ ತಗ್ಗು ಇವುಗಳನ್ನು ಬೇರೆ ಬೇರೆಯಾಗಿ ತೆಗೆದೆವು.

ಕಡೆಯದು ಹಿರಿಯರು ಗಾಡಿಯ ಪಕ್ಕದಲ್ಲಿ ನಿಂತ ಚಿತ್ರ. ಮನುಷ್ಯನ ಮುಖಕ್ಕೆ ನೆತ್ತಿಯ ಬಿಸಿಲು ಬಹಳ ಕ್ರೂರ. ಹುಬ್ಬಿನ ಕೆಳಗೆ ಕಣ್ಣುಗಳು ಎರಡು ಕತ್ತಲೆಯ ಗುಳಿಗಳಾಗುತ್ತವೆ. ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಇಳಿಯುತ್ತದೆ. ಗಾಡಿಯ ಬಣ್ಣ ತೆಳುವಾದುದರಿಂದ ಇಲ್ಲಿ ಅದೇ ನೆರವಾಯಿತು. ಹಿರಿಯರನ್ನು ಬಾನೆಟ್ಟಿನ ಪಕ್ಕದಲ್ಲಿ ನಿಲ್ಲಿಸಿ, ಮುಖವನ್ನು ಸ್ವಲ್ಪ ಗಾಡಿಯ ಕಡೆಗೆ ತಿರುಗಿಸಿಕೊಳ್ಳುವಂತೆ ಕೇಳಿಕೊಂಡೆವು. ಬಾನೆಟ್ಟಿನಿಂದ ಹಿಂತಿರುಗಿದ ಬೆಳಕು ಹುಬ್ಬಿನ ಕೆಳಗೆ ಹೊಕ್ಕು ಕಣ್ಣುಗಳನ್ನು ತೆರೆಯಿತು. ಮಗ ಒಂದು ಕೊಡೆಯನ್ನು ಎತ್ತಿ ಹಿಡಿದರು. ಅದರ ನೆರಳು ತಲೆ ಮತ್ತು ಹೆಗಲಿಗೆ ಮಾತ್ರ ತಾಗುವಂತೆಯೂ, ಕೊಡೆ ಚಿತ್ರದೊಳಗೆ ಬರದಂತೆಯೂ ನೋಡಿಕೊಂಡೆವು. ಬಿಸಿಲಿಗೆ ಮುಖ ಮಾಡಿಸಿ ಕಣ್ಣು ಕಿರಿದುಮಾಡಿಕೊಳ್ಳುವಂತೆ ನಿಲ್ಲಿಸುವುದು ವಯಸ್ಸಾದವರ ವಿಷಯದಲ್ಲಿ ನಿರ್ದಯವಾದ ಕೆಲಸ. ಎಲ್ಲವನ್ನೂ ಸಿದ್ಧಮಾಡಿಕೊಂಡ ಮೇಲೆಯೇ ಅವರನ್ನು ಕರೆಯಬೇಕು. ಎರಡು ನಿಮಿಷದಲ್ಲಿ ಬಿಟ್ಟುಬಿಡಬೇಕು. ಗಾಡಿಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಬಣ್ಣವೂ ಬಾಗಿಲಿನ ರಬ್ಬರೂ ಬಿಸಿಲಿಗೆ ಸೊರಗುತ್ತವೆ. ಕಾದ ಮೈಯ ಮೇಲೆ ನೀರು ಸುರಿದು ತೊಳೆದರೆ ಹನಿಗಳು ಆರಿ ಬಿಳಿಯ ಕಲೆಗಳನ್ನು ಉಳಿಸುತ್ತವೆ. ತೊಳೆಯುವುದೇನಿದ್ದರೂ ಬೆಳಗ್ಗೆ ನೆರಳಿನಲ್ಲಿ ಮುಗಿದಿರಬೇಕು.

ಮೂರು ಗಂಟೆಗೆ ಲಾರಿ ಬಂದಿತು, ಗಾಡಿ ಹೋಯಿತು. ಹತ್ತು ದಿನಗಳ ಮೇಲೆ ನಾವು ಎರಡು ಚಿತ್ರಗಳನ್ನು ಅಚ್ಚು ಹಾಕಿಸಿ ಕಳುಹಿಸಿದೆವು. ಮಗನ ಇಷ್ಟದಂತೆ ಬಲಗಡೆಯಿಂದ ತೆಗೆದದ್ದೊಂದು, ತಂದೆಯವರ ಇಷ್ಟದಂತೆ ಎಡಗಡೆಯಿಂದ ತೆಗೆದದ್ದೊಂದು. ಮೊದಲನೆಯದು ನೋಡಲು ಹೆಚ್ಚು ಅಂದವಾಗಿತ್ತು. ಗೋಡೆಯನ್ನು ಸೇರಿದ್ದು ಎರಡನೆಯದು. ಗಾಡಿಗೆ ಮತ್ತೆ ಬಣ್ಣ ಹಚ್ಚಿಸುವುದಕ್ಕೆ ಮುಂಚೆ ಮೂಲದ ಬಣ್ಣ ಯಾವುದಿತ್ತೆಂದು ಹೊಸ ಯಜಮಾನರು ವಿಚಾರಿಸಿದಾಗ, ರಟ್ಟನ್ನಿಟ್ಟು ತೆಗೆದ ಮೂರನೆಯ ಚಿತ್ರ ಅವರಿಗೆ ಉಪಯೋಗಕ್ಕೆ ಬಂದಿತು.

ಶ್ರೋತೃಗಳಲ್ಲಿ ಕೆಲವರ ಮನೆಯ ಷೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಇಂಥ ಒಂದು ಗಾಡಿ ಈಗಲೂ ನಿಂತಿರಬಹುದು. ಅದನ್ನು ತಂದವರೂ ಓಡಿಸಿದವರೂ ಇನ್ನೂ ನಮ್ಮೊಡನೆ ಇರಬಹುದು. ಒಳ್ಳೆಯ ಬೆಳಕು ಬರಲಿ, ಮೋಡ ಕವಿಯಲಿ, ಒಳ್ಳೆಯ ಕ್ಯಾಮರಾ ಕೊಂಡ ಮೇಲೆ ನೋಡೋಣ ಎಂದು ಕಾಲವನ್ನು ಕಳೆಯುವುದು ತರವಲ್ಲ. ಒಂದು ಬಿಳಿಯ ಪಂಚೆ, ಒಂದು ಕೊಡೆ, ಒಂದು ತುಂಡು ಬೂದಿಯ ರಟ್ಟು, ಗಾಡಿಯನ್ನು ನಾಲ್ಕು ಮಾರು ನೂಕಲು ಇಬ್ಬರು ನೆರೆಯವರು ಇದ್ದರೆ, ಬಿಸಿಲಿರುವ ಯಾವ ದಿನವಾದರೂ ಆದೀತು. ಬರುವ ಭಾನುವಾರವೇ ಆ ಟಾರ್ಪಾಲನ್ನು ತೆಗೆದು ನೋಡಬಹುದೆಂದು ಸೂಚಿಸುತ್ತೇವೆ.